ಉದ್ದೇಶಕ್ಕೆ ತಕ್ಕ ಗುರಿ

ಬಾಳಿಗೊಂದು ಗುರಿ ಬೇಕೆಂಬುದು ಎಲ್ಲರೂ ಆಡುವ ಮಾತು. ಆದರೆ ಆ ಗುರಿಯು ಎಲ್ಲಿಂದ ಹುಟ್ಟಬೇಕು, ಯಾವುದಕ್ಕೆ ಅಧೀನವಾಗಿರಬೇಕು ಎಂದು ಕೇಳುವವರು ವಿರಳ. ಗುರಿ ಮತ್ತು ಉದ್ದೇಶ ಎಂಬ ಪದಗಳನ್ನು ವ್ಯವಹಾರದಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ವಿಚಾರಿಸಿ ನೋಡಿದರೆ ಇವೆರಡೂ ಭಿನ್ನವಾದುವು. ಗುರಿಯು ಮುಟ್ಟಿ ಮುಗಿಯತಕ್ಕದ್ದು. ಅದಕ್ಕೆ ಅಳತೆಯುಂಟು, ಕಾಲದ ಮಿತಿಯುಂಟು. ಉದ್ದೇಶವಾದರೋ ಮುಗಿಯತಕ್ಕದ್ದಲ್ಲ, ಅದು ದಿಕ್ಕು. ಪರೀಕ್ಷೆಯಲ್ಲಿ ಉತ್ತೀರ್ಣನಾಗುವುದು ಗುರಿ. ತಿಳಿದು ಬಾಳುವುದು ಉದ್ದೇಶ. ಮನೆ ಕಟ್ಟಿಸುವುದು ಗುರಿ. ಹಸಿದು ಬಂದವನಿಗೆ ಆ ಮನೆಯಲ್ಲಿ ಒಂದು ತಾವಿರಬೇಕೆಂಬುದು ಉದ್ದೇಶ. ಗುರಿಯಿಲ್ಲದ ಉದ್ದೇಶವು ಬರಿಯ ಹಂಬಲವಾಗಿ ಉಳಿಯುತ್ತದೆ. ಉದ್ದೇಶವಿಲ್ಲದ ಗುರಿಯು ಮುಟ್ಟಿದ ಮರುದಿನವೇ ಮನುಷ್ಯನನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ.

ಕೊಡಗಿನ ಸಿದ್ದಾಪುರದ ಸುತ್ತಲಿನ ಜೀವನವನ್ನು ಗಮನಿಸಿದರೆ ಈ ಭೇದವು ಸ್ಪಷ್ಟವಾಗುತ್ತದೆ. ಕಾವೇರಿಯ ಮಗ್ಗುಲಿನ ಈ ಊರಿನ ಸುತ್ತ ಕಾಫಿ ತೋಟಗಳು, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಕಾಫಿ ಗಿಡವನ್ನು ನೆಟ್ಟವನು ಫಲವನ್ನು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಹಣ್ಣು ಕೊಯ್ದ ಮೇಲೆ ಬೇಸಗೆಯ ಹೂಮಳೆಗಾಗಿ ಆಕಾಶವನ್ನು ನೋಡಬೇಕು. ಮಳೆ ತಪ್ಪಿದರೆ ತುಂತುರು ನೀರಾವರಿಗೆ ಸಿದ್ಧನಾಗಬೇಕು. ಹೂ ಕಚ್ಚಿ ಕಾಯಾಗಲು ಮತ್ತೊಂದು ಮಳೆ ಬೇಕು. ಮಳೆಗಾಲದಲ್ಲಿ ಕಾಯಿ ಉದುರದಂತೆ ನೋಡಬೇಕು, ಕಸಿಯನ್ನು ತೆಗೆಯಬೇಕು, ನೆರಳನ್ನು ಹದಗೊಳಿಸಬೇಕು. ಇವೆಲ್ಲ ಒಂದೊಂದು ಋತುವಿನ ಗುರಿಗಳು. ಆದರೆ ಇವುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವುದು ನೆಲವನ್ನು ಕೆಡಿಸದೆ ಮುಂದಿನವರ ಕೈಗೆ ಒಪ್ಪಿಸಬೇಕೆಂಬ ಉದ್ದೇಶ. ಅದಿಲ್ಲದವನಿಗೆ ಪೇಟೆಯ ಧಾರಣೆಯೇ ಯಜಮಾನ. ಈ ಶತಮಾನದ ಆದಿಯಲ್ಲಿ ಕಾಫಿಯ ಬೆಲೆ ಬೆಳೆಗಾರನ ಖರ್ಚೂ ಹುಟ್ಟದಷ್ಟು ಕುಸಿದಿತ್ತು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಏರಿತು. ಬೆಲೆಯನ್ನೇ ಉದ್ದೇಶವೆಂದು ಬಗೆದವನು ಮೊದಲನೆಯ ಕಾಲದಲ್ಲಿ ತೋಟವನ್ನು ಮಾರಲು ಹೊರಡುತ್ತಾನೆ, ಎರಡನೆಯ ಕಾಲದಲ್ಲಿ ನೆರಳಿನ ಮರಕ್ಕೆ ಕೊಡಲಿ ಎತ್ತುತ್ತಾನೆ. ಉದ್ದೇಶವನ್ನು ಅರಿತವನು ಎರಡು ಕಾಲದಲ್ಲಿಯೂ ಗುರಿಗಳನ್ನು ಹಿಗ್ಗಿಸುತ್ತಾನೆ ಅಥವಾ ಕುಗ್ಗಿಸುತ್ತಾನೆ, ದಿಕ್ಕನ್ನು ಬದಲಿಸುವುದಿಲ್ಲ.

ಶರಣರ ಚಿಂತನೆಯಲ್ಲಿ ಈ ವಿಚಾರವು ಬಹು ಸೂಕ್ಷ್ಮವಾಗಿ ನೆಲೆಗೊಂಡಿದೆ. ಷಟ್‌ಸ್ಥಲ ಕ್ರಮವನ್ನೇ ನೋಡಬಹುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅನುಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಯನ್ನು ಹೇಳಲಾಗಿದೆ. ಸಾಧಕನಿಗೆ ಪ್ರತಿಯೊಂದು ಸ್ಥಲವೂ ಒಂದು ಗುರಿ, ಸಾಮರಸ್ಯವೇ ಉದ್ದೇಶ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕೊನೆಯ ಮೆಟ್ಟಿಲಿನ ಬೆಳಕು ಮೊದಲನೆಯ ಮೆಟ್ಟಿಲಿನ ಮೇಲೂ ಬಿದ್ದಿರುತ್ತದೆ. ಐಕ್ಯದ ಅಭೀಪ್ಸೆಯಿಲ್ಲದವನ ಶ್ರದ್ಧೆಯು ಕೇವಲ ರೂಢಿ. ಹಾಗೆಯೇ ಶ್ರದ್ಧೆಯ ಮೆಟ್ಟಿಲನ್ನು ಹತ್ತದೆ ಐಕ್ಯವನ್ನು ಮಾತಾಡುವವನದು ಬರಿಯ ವಾಚಾಳತನ. ದೊಡ್ಡ ಉದ್ದೇಶವನ್ನು ಇಂದು ಮಾಡತಕ್ಕ ಚಿಕ್ಕ ಕಾರ್ಯವಾಗಿ ಇಳಿಸುವ ವಿಧಾನವನ್ನು ಈ ಕ್ರಮವು ಕಲಿಸುತ್ತದೆ.

ಗುರಿಯು ಉದ್ದೇಶವನ್ನು ಮೀರಿ ಬೆಳೆದಾಗ ಏನು ಮಾಡಬೇಕೆಂಬುದಕ್ಕೆ ಆಯ್ದಕ್ಕಿ ದಂಪತಿಗಳ ವೃತ್ತಾಂತವೇ ನಿದರ್ಶನ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಗೊಂಡಿದ್ದನು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿದಳೆಂಬುದು ಪರಂಪರೆಯ ಕಥನ. ಲೋಕದ ದೃಷ್ಟಿಯಲ್ಲಿ ಮಾರಯ್ಯನು ಆ ದಿನ ಗುರಿಯನ್ನು ಮೀರಿದ ಸಾಧನೆ ಮಾಡಿದ್ದನು. ಲಕ್ಕಮ್ಮನ ದೃಷ್ಟಿಯಲ್ಲಿ ಆತನು ಗುರಿಯನ್ನೇ ತಪ್ಪಿದ್ದನು. ಆ ಕಾಯಕದ ಉದ್ದೇಶವು ಸಂಗ್ರಹವಲ್ಲ, ಅಂದಿನ ದಾಸೋಹ. ಎಷ್ಟು ಸಾಕು ಎಂಬುದನ್ನು ತಿಳಿಸುವುದು ಉದ್ದೇಶವೇ ಹೊರತು ಸಾಮರ್ಥ್ಯವಲ್ಲ. ಇನ್ನೂ ಹೆಚ್ಚು ಎಂಬ ಒಂದೇ ಮಾತು ಕೇಳಿಬರುವ ಇಂದಿನ ದಿನಗಳಲ್ಲಿ ಲಕ್ಕಮ್ಮನ ಈ ಅಳತೆಗೋಲು ಬಹು ಮುಖ್ಯವಾದುದು.

ಇದು ಹನ್ನೆರಡನೆಯ ಶತಮಾನದ ಶರಣರಿಗೆ ಸಾಧ್ಯವಾಯಿತು, ಇಂದಿನ ಗೃಹಸ್ಥನಿಗೆ ಸಾಧ್ಯವೆ ಎಂಬ ಸಂದೇಹವು ಸಹಜ. ಆ ಸಂದೇಹಕ್ಕೆ ಡಾ. ಫ.ಗು. ಹಳಕಟ್ಟಿಯವರ ಬಾಳು ಉತ್ತರವನ್ನು ಕೊಡುತ್ತದೆ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ 1904ರಲ್ಲಿ ಕಾನೂನು ಪದವಿಯನ್ನು ಪಡೆದರು. ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಮುಂಬಯಿಯ ದಿನಗಳಲ್ಲಿ ಮರಾಠಿ, ಗುಜರಾತಿ ಭಾಷಿಕರು ತಮ್ಮ ನುಡಿಯನ್ನು ಬೆಳಸುತ್ತಿದ್ದ ರೀತಿಯನ್ನೂ, ಕನ್ನಡವು ತನ್ನ ನಾಡಿನಲ್ಲಿಯೇ ಮಂಕಾಗಿದ್ದುದನ್ನೂ ಅವರು ಕಂಡಿದ್ದರು. ಆ ನೋವೇ ಉದ್ದೇಶವಾಗಿ ಮಾರ್ಪಟ್ಟಿತು. ಉದ್ದೇಶವು ಅನೇಕವೇಳೆ ಹೀಗೆಯೇ, ಕಣ್ಣಿಗೆ ಬಿದ್ದ ಕೊರತೆಯೊಂದನ್ನು ಸಹಿಸಲಾರದ ಮನಸ್ಸಿನಿಂದ ಹುಟ್ಟುತ್ತದೆ.

ಹಳಕಟ್ಟಿಯವರು ಆ ಉದ್ದೇಶವನ್ನು ಗುರಿಗಳಾಗಿ ವಿಂಗಡಿಸಿದ ಕ್ರಮವು ಮನನೀಯವಾಗಿದೆ. ಮೊದಲನೆಯ ಗುರಿ ಸಂಗ್ರಹ. ಮನೆಗಳ ಅಟ್ಟಗಳಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಪೂಜೆಗೊಳ್ಳುತ್ತಲೋ ಹುಳು ತಿನ್ನುತ್ತಲೋ ಇದ್ದ ತಾಳೆಗರಿಯ ಕಟ್ಟುಗಳನ್ನು ಅವರು ಊರೂರು ಅಲೆದು ಕೂಡಿಸಿದರು. ಎರಡನೆಯದು ಪರಿಷ್ಕರಣ: ಪ್ರತಿಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸುವುದು. ಮೂರನೆಯದು ಪ್ರಕಟನೆ. ಇಲ್ಲಿ ಅಡ್ಡಿಯು ಎದುರಾಯಿತು. ಮಂಗಳೂರಿನ ಹೆಸರಾಂತ ಮುದ್ರಣಾಲಯಕ್ಕೆ ಕಳುಹಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು, ಕಡೆಗೆ ಅದರ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಈ ಅನುಭವದಿಂದ ನಾಲ್ಕನೆಯ ಗುರಿಯು ಹುಟ್ಟಿತು. 1925ರಲ್ಲಿ ಅವರು ತಮ್ಮದೇ ಆದ ‘ಹಿತಚಿಂತಕ’ ಮುದ್ರಣಾಲಯವನ್ನು ವಿಜಾಪುರದಲ್ಲಿ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಆರಂಭವಾದುವು. ಮುದ್ರಕನಾಗಬೇಕೆಂಬುದು ವಕೀಲರಾದ ಹಳಕಟ್ಟಿಯವರ ಬಾಲ್ಯದ ಕನಸೇನೂ ಆಗಿರಲಿಲ್ಲ. ಉದ್ದೇಶವು ಅದನ್ನು ಬೇಡಿತು, ಅವರು ಒಪ್ಪಿದರು.

ಅವರು ಇದೊಂದೇ ಕಾರ್ಯದಲ್ಲಿ ಮುಳುಗಿ ಜನಜೀವನವನ್ನು ಮರೆತವರಲ್ಲ. 1910ರಲ್ಲಿ ವಿಜಾಪುರದಲ್ಲಿ ಆರಂಭವಾದ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಯಲ್ಲಿಯೂ, 1912ರ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಅವರ ಪರಿಶ್ರಮವಿತ್ತು. ಶಾಲೆ, ಬ್ಯಾಂಕು, ಅಚ್ಚುಕೂಟ, ಪತ್ರಿಕೆ ಎಂಬಿವು ಹೊರನೋಟಕ್ಕೆ ಸಂಬಂಧವಿಲ್ಲದ ಕಾರ್ಯಗಳು. ಜನರು ತಮ್ಮ ಕಾಲ ಮೇಲೆ ನಿಂತು, ತಮ್ಮ ನುಡಿಯಲ್ಲಿ ತಮ್ಮ ಹಿರಿಯರ ಅನುಭಾವವನ್ನು ಓದಬೇಕೆಂಬ ಒಂದೇ ಬೇರಿನಿಂದ ಅವೆಲ್ಲ ಚಿಗುರಿದುವು. ಗುರಿಗಳು ಹಲವಾಗಿದ್ದರೆ ಬಾಳು ಚೂರಾಗುತ್ತದೆಂಬ ಭಯವು ಆದುದರಿಂದ ನಿರಾಧಾರವಾದುದು. ಬೇರು ಹಲವಾದಾಗ ಮಾತ್ರ ಬಾಳು ಚೂರಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯನ್ನು ಮರೆಮಾಚುವುದು ಸಲ್ಲದು. ವಕೀಲಿ ವೃತ್ತಿಯಲ್ಲಿ ನಿಂತಿದ್ದರೆ ಹಳಕಟ್ಟಿಯವರು ಸಿರಿವಂತರಾಗಬಹುದಿತ್ತು. ಗಳಿಸಿದ್ದೆಲ್ಲ ಗ್ರಂಥಪ್ರಕಟನೆಗೆ ಹೋಗಿ ಅವರು ಬಡತನದಲ್ಲಿ ಬಾಳಿದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ಅವರನ್ನು ಅರಸಿಕೊಂಡು ಬಂದುವು. ಅವು ಅವರ ಗುರಿಗಳಾಗಿರಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಾಗ, ಅವರು ಹಾಕಿದ ಅಡಿಗಲ್ಲಿನ ಮೇಲೆಯೇ ಆ ಕಟ್ಟಡವು ಎದ್ದಿತು. ಉದ್ದೇಶವು ವ್ಯಕ್ತಿಯ ಆಯುಷ್ಯಕ್ಕಿಂತ ದೀರ್ಘವಾದುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಸಾಮಾನ್ಯರು ಗುರಿಯನ್ನು ನಿಶ್ಚಯಿಸುವ ಬಗೆ ಹೇಗೆಂಬುದನ್ನು ವಿವೇಚಿಸಬಹುದು. ಮೊದಲನೆಯದಾಗಿ, ಉದ್ದೇಶವನ್ನು ಹೊರಗೆ ಹುಡುಕಬಾರದು. ಯಾವ ಕೆಲಸವನ್ನು ಯಾರೂ ನೋಡದಿದ್ದಾಗಲೂ ಅಚ್ಚುಕಟ್ಟಾಗಿ ಮಾಡಲು ಮನಸ್ಸು ಒಪ್ಪುತ್ತದೆ, ಯಾರ ಯಾವ ಕಷ್ಟವನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ, ಯಾವುದನ್ನು ಮಾಡದೆ ಕಣ್ಣು ಮುಚ್ಚಿದರೆ ಕೊರಗು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಉತ್ತರವು ಒಂದು ವಾಕ್ಯವನ್ನು ಮೀರಬಾರದು. ಎರಡನೆಯದಾಗಿ, ಆ ವಾಕ್ಯದಿಂದ ಈ ವರ್ಷ ಮಾಡಬಹುದಾದ ಒಂದೆರಡು ಕಾರ್ಯಗಳನ್ನು ಮಾತ್ರ ತೆಗೆಯಬೇಕು. ಕಾರ್ಯಕ್ಕೆ ಅಳತೆಯೂ ಅವಧಿಯೂ ಇರಬೇಕು. ವಚನಗಳನ್ನು ಓದಬೇಕು ಎಂಬುದು ಹಂಬಲ; ದಿನಕ್ಕೊಂದು ವಚನದಂತೆ ವರ್ಷದಲ್ಲಿ 365 ವಚನಗಳನ್ನು ಅರ್ಥಸಹಿತ ಓದುವೆನೆಂಬುದು ಗುರಿ.

ಮೂರನೆಯದಾಗಿ, ಪ್ರತಿಯೊಂದು ಗುರಿಯನ್ನೂ ಲಕ್ಕಮ್ಮನ ಅಳತೆಗೋಲಿನಿಂದ ಅಳೆಯಬೇಕು: ಇದು ಉದ್ದೇಶಕ್ಕೆ ಬೇಕಾದುದೋ, ನೆರೆಯವನ ಕಣ್ಣಿಗೆ ಬೇಕಾದುದೋ? ನಾಲ್ಕನೆಯದಾಗಿ, ಗುರಿಯನ್ನು ಕೈಬಿಡುವ ಧೈರ್ಯವಿರಬೇಕು. ಬಂದ ದಾರಿ ಮುಚ್ಚಿದಾಗ ಹಳಕಟ್ಟಿಯವರು ಬೇರೊಂದು ದಾರಿಯನ್ನು ಹಿಡಿದರೇ ಹೊರತು ಊರನ್ನು ಮರೆಯಲಿಲ್ಲ. 2019ರ ಆಗಸ್ಟಿನಲ್ಲಿ ಕಾವೇರಿಯು ಉಕ್ಕಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ ಗ್ರಾಮಗಳ ನದೀತೀರದ ಮನೆಗಳಿಗೆ ನುಗ್ಗಿದಾಗ, ಎಷ್ಟೋ ಕುಟುಂಬಗಳ ಗುರಿಗಳು ಒಂದೇ ರಾತ್ರಿಯಲ್ಲಿ ನೀರುಪಾಲಾದುವು. ಅಂತಹ ಸಂದರ್ಭದಲ್ಲಿ ಸೂರು ಬೇಕು, ಅನ್ನ ಬೇಕು, ಪರಿಹಾರ ಬೇಕು. ಉಪದೇಶವು ಅವುಗಳ ಸ್ಥಾನವನ್ನು ತುಂಬಲಾರದು. ಆದರೆ ಅನಂತರದ ದಿನಗಳಲ್ಲಿ ಮನುಷ್ಯನನ್ನು ಮತ್ತೆ ಎದ್ದು ನಿಲ್ಲಿಸುವುದು, ಮಕ್ಕಳನ್ನು ಓದಿಸಬೇಕು, ಹಿರಿಯರನ್ನು ಸಲಹಬೇಕು ಎಂಬ ಕೊಚ್ಚಿಹೋಗದ ಉದ್ದೇಶವೇ. ನಾಜಿ ಸೆರೆಶಿಬಿರಗಳ ಯಾತನೆಯನ್ನುಂಡು ಬದುಕುಳಿದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್‌ರು 1946ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳೂ ಬಹುಮಟ್ಟಿಗೆ ಇದೇ.

ಈ ವಿಚಾರವು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುವುದು ತರುಣರಿಗೆ. ಹತ್ತನೆಯ ತರಗತಿಯ ಅಂಕಗಳು ಬಂದ ದಿನವೇ ಮನೆಯವರೆಲ್ಲ ಸೇರಿ ಮಗುವಿನ ಗುರಿಯನ್ನು ನಿಶ್ಚಯಿಸಿಬಿಡುವುದು ಇಂದಿನ ವಾಡಿಕೆ. ತೋಟದ ಮಾಲೀಕನ ಮಗನಿಗೆ ಬೆಂಗಳೂರಿನ ಉದ್ಯೋಗ, ಲೈನುಮನೆಯ ಕಾರ್ಮಿಕನ ಮಗಳಿಗೆ ಬೇಗನೆ ಸಂಬಳ ತರುವ ಯಾವುದಾದರೊಂದು ತರಬೇತಿ. ಎರಡೂ ತಪ್ಪೆನ್ನುವಂತಿಲ್ಲ, ಹೊಟ್ಟೆಪಾಡನ್ನು ಕಡೆಗಣಿಸಿದ ಆದರ್ಶವನ್ನು ಶರಣರು ಎಂದೂ ಬೋಧಿಸಲಿಲ್ಲ. ಆದರೆ ಮಗುವನ್ನು ಒಮ್ಮೆಯಾದರೂ ಕೇಳದೆ ಹೊರಿಸಿದ ಗುರಿಯು ಎರವಲು ತಂದ ಅಂಗಿಯಂತೆ. ಎಲ್ಲಿಯೋ ಬಿಗಿಯುತ್ತದೆ, ಎಲ್ಲಿಯೋ ಜೋಲುತ್ತದೆ. ಗಿಡಗಳ ಮೇಲೆ ಪ್ರೀತಿಯಿರುವ ಹುಡುಗನು ಕೃಷಿವಿಜ್ಞಾನವನ್ನು ಓದಿ ತೋಟಕ್ಕೆ ಮರಳಬಹುದು. ರೋಗಿಗಳ ಸೇವೆಯಲ್ಲಿ ಮನಸ್ಸಿರುವ ಹುಡುಗಿಯು ದಾದಿಯಾಗಿ ಸಂಬಳವನ್ನೂ ತೃಪ್ತಿಯನ್ನೂ ಪಡೆಯಬಹುದು. ಜೀವನೋಪಾಯವೂ ಉದ್ದೇಶವೂ ಕೂಡುವ ಇಂತಹ ತಾಣಕ್ಕೇ ಶರಣರು ಕಾಯಕವೆಂಬ ಹೆಸರನ್ನಿಟ್ಟರು.

ನಿವೃತ್ತರಾದ ಹಿರಿಯರಿಗೂ ಇದು ಬೇಕಾದ ಮಾತೇ. ಉದ್ಯೋಗದ ಗುರಿಗಳು ಮುಗಿದ ಕೂಡಲೇ ತಮ್ಮ ಬಾಳೇ ಮುಗಿಯಿತೆಂದು ಕುಗ್ಗುವವರುಂಟು. ಮುಗಿದುದು ಗುರಿ ಮಾತ್ರ. ನೆರೆಯ ಮಕ್ಕಳಿಗೆ ಸಂಜೆ ಒಂದು ಗಂಟೆ ಓದು ಹೇಳಿಕೊಡುವುದು, ಮನೆಯ ಹಳೆಯ ಪುಸ್ತಕಗಳನ್ನು ಜೋಪಾನಗೊಳಿಸಿ ಗ್ರಂಥಾಲಯಕ್ಕೆ ಸೇರಿಸುವುದು, ಒಂದು ಕುಟುಂಬದ ವ್ಯಾಜ್ಯವನ್ನು ಕೋರ್ಟಿನ ಮೆಟ್ಟಿಲು ಹತ್ತದಂತೆ ಬಗೆಹರಿಸುವುದು, ಇವು ಚಿಕ್ಕ ಗುರಿಗಳೇ ಆದರೂ ಹಿರಿದಾದ ಉದ್ದೇಶಕ್ಕೆ ಸಲ್ಲುವಂಥವು.

ಆದುದರಿಂದ ಗುರಿಯನ್ನು ಕಟ್ಟಿಕೊಳ್ಳುವ ಮುನ್ನ ಉದ್ದೇಶವನ್ನು ಕೇಳಿಕೊಳ್ಳುವುದು ಲೇಸು. ಕೇಳಿಕೊಂಡ ಬಳಿಕ ಕೈಗೆ ಎಟುಕುವ ಮೊದಲನೆಯ ಕಾರ್ಯವನ್ನು ಅಂದೇ ಆರಂಭಿಸುವುದು ಇನ್ನೂ ಲೇಸು. ಒಂದು ತಾಳೆಗರಿಯ ಕಟ್ಟನ್ನು ಬಿಚ್ಚುವುದರಿಂದಲೇ ಹಳಕಟ್ಟಿಯವರ ಕಾರ್ಯವೂ ಮೊದಲಾಯಿತು.