ಸಾವಯವ ದೃಢೀಕರಣ ಮತ್ತು ಅಂತರ್ಜಾಲ ಮಾರಾಟ

ಸಾವಯವ ಧಾನ್ಯವನ್ನು ಕಣ್ಣಿನಿಂದ ಗುರುತಿಸಲಾಗದು. ಅಂತರ್ಜಾಲದ ಗ್ರಾಹಕನಿಗಂತೂ ಸರಕನ್ನು ಮುಟ್ಟಿ ನೋಡುವ ಅವಕಾಶವೂ ಇಲ್ಲ. ಆದ್ದರಿಂದ ಅಲ್ಲಿ ದೃಢೀಕರಣ ಪತ್ರವೇ ವಿಶ್ವಾಸದ ಆಧಾರ.

ಭಾರತದಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. 2001ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ಮಾನ್ಯತೆ ಪಡೆದ ಸಂಸ್ಥೆಯು ತಪಾಸಣೆ ನಡೆಸುತ್ತದೆ. ಸಾವಯವವೆಂದು ರಫ್ತು ಮಾಡಲು ಈ ಮಾರ್ಗವೇ ಬೇಕು. ಇದರ ಶುಲ್ಕವು ಒಬ್ಬ ಸಣ್ಣ ರೈತನಿಗೆ ಹೊರೆಯಾದರೂ, ಗುಂಪು ದೃಢೀಕರಣದಲ್ಲಿ ಹಂಚಿಹೋಗುತ್ತದೆ. ಎರಡನೆಯದು ಪಿಜಿಎಸ್-ಇಂಡಿಯಾ. ಇಲ್ಲಿ ಗುಂಪಿನ ರೈತರೇ ಪರಸ್ಪರರ ಹೊಲಗಳನ್ನು ಪರಿಶೀಲಿಸುತ್ತಾರೆ. ವೆಚ್ಚ ಅಲ್ಪ, ಆದರೆ ಇದು ದೇಶೀಯ ಮಾರುಕಟ್ಟೆಗೆ ಸೀಮಿತ.

ರೈತನಿಗೆ ಶುಲ್ಕಕ್ಕಿಂತಲೂ ಭಾರವಾದುದು ಪರಿವರ್ತನಾ ಅವಧಿ. ರಾಷ್ಟ್ರೀಯ ಕಾರ್ಯಕ್ರಮದಡಿ ಇದು ಸಾಮಾನ್ಯವಾಗಿ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುನ್ನ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುನ್ನ 3 ವರ್ಷ. ಆಗ ಇಳುವರಿ ಕುಗ್ಗಬಹುದು. ಪೂರ್ಣ ಸಾವಯವದ ಬೆಲೆಯೂ ದೊರೆಯದು. ಖರೀದಿದಾರರು ಮುಂಚಿತವಾಗಿಯೇ ಒಪ್ಪಂದ ಮಾಡಿಕೊಂಡಲ್ಲಿ ರೈತನು ಈ ಅವಧಿಯನ್ನು ದಾಟಬಲ್ಲನು. ವ್ಯಾಪಾರಿಗೂ ನಿಶ್ಚಿತ ಸರಬರಾಜು ಲಭಿಸುತ್ತದೆ.

ಸರಕನ್ನು ಜಾಲತಾಣಕ್ಕೆ ಸೇರಿಸುವ ಮುನ್ನ ಪತ್ರದ ಊರ್ಜಿತಾವಧಿ, ನಮೂದಾದ ಬೆಳೆ ಹಾಗೂ ಪ್ರಮಾಣವನ್ನು ದಾಸ್ತಾನಿನೊಡನೆ ತಾಳೆ ನೋಡುವುದು ಅಗತ್ಯ. ಸಾವಯವ ಆಹಾರ ಕುರಿತ 2017ರ ನಿಯಮಾವಳಿಯು ನೇರವಾಗಿ ಗ್ರಾಹಕನಿಗೆ ಮಾರುವ ಸಣ್ಣ ಉತ್ಪಾದಕನಿಗೆ ವಿನಾಯಿತಿ ನೀಡಿದೆಯೇ ಹೊರತು, ಕೊಂಡು ಮಾರುವ ವ್ಯಾಪಾರಿಗಲ್ಲ.