ಸವೆದ ಟೈರು: ಮತ್ತೆ ರಸ್ತೆಗೋ, ಗುಜರಿಗೋ?

ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ನಾವು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಇಮ್ಲಿಬನ್ ನಿಲ್ದಾಣದಲ್ಲಿ ಊರ ಬಸ್ಸು ಹತ್ತುತ್ತೇವೆ. ಕಿಟಕಿಯ ಸೀಟು ಹುಡುಕುತ್ತೇವೆ. ಚಕ್ರದ ಕಡೆ ನೋಡುವವರು ಕಡಿಮೆ. 1932ರಲ್ಲಿ ನಿಜಾಮ್ ರೈಲ್ವೆಯವರು 27 ಬಸ್ಸುಗಳೊಡನೆ ಆರಂಭಿಸಿದ ಸಾರಿಗೆ ಇಂದು ಸಾವಿರಾರು ಬಸ್ಸುಗಳಿಗೆ ಬೆಳೆದಿದೆ. ಅಷ್ಟೂ ಬಸ್ಸುಗಳ ಟೈರು ಸವೆದು ಡಿಪೋಗೆ ಮರಳಿದಾಗ ಏನು ಮಾಡಬೇಕು? ಇದು ಹಣದ ಪ್ರಶ್ನೆಯೂ ಹೌದು, ನಮ್ಮ ಪ್ರಾಣದ ಪ್ರಶ್ನೆಯೂ ಹೌದು.

ಟೈರಿನಲ್ಲಿ ಮುಖ್ಯವಾಗಿ ಎರಡು ಭಾಗಗಳುಂಟು. ನೆಲಕ್ಕೆ ತಾಗುವ ರಬ್ಬರಿನ ಮೇಲ್ಪದರ ಒಂದು. ದಾರ, ತಂತಿಗಳಿಂದ ಕೂಡಿ ಭಾರ ಹೊರುವ ಒಡಲು ಇನ್ನೊಂದು. ಈ ಒಡಲಿಗೆ ಕೆಲಸಗಾರರು ಕೇಸಿಂಗ್ ಎನ್ನುತ್ತಾರೆ. ಸವೆಯುವುದು ಮೇಲ್ಪದರ, ಬೆಲೆಯುಳ್ಳದ್ದು ಕೇಸಿಂಗ್. ಚಪ್ಪಲಿಗೆ ಹೊಸ ಅಟ್ಟೆ ಹಾಕಿಸುವಂತೆ, ಗಟ್ಟಿಯಾದ ಕೇಸಿಂಗಿಗೆ ಹೊಸ ಮೇಲ್ಪದರ ಕೂಡಿಸಬಹುದು. ಇದೇ ರಿಟ್ರೆಡಿಂಗ್. ಸಾರಿಗೆ ಸಂಸ್ಥೆಗಳು ಇದಕ್ಕೆಂದು ತಮ್ಮದೇ ಕಾರ್ಯಾಗಾರಗಳನ್ನು ನಡೆಸುತ್ತವೆ.

ಅಲ್ಲಿ ಮೊದಲು ಪರೀಕ್ಷೆ. ಟೈರನ್ನು ಅಗಲಿಸಿ ಒಳಹೊರಗೆ ನೋಡುತ್ತಾರೆ. ಮೊಳೆ ಚುಚ್ಚಿದ ಸಣ್ಣ ತೂತಾದರೆ ತೇಪೆ ಸಾಕು. ಅಂಚಿನ ತಂತಿ ಮುರಿದಿದ್ದರೆ, ಪದರಗಳು ಬಿಟ್ಟುಕೊಂಡಿದ್ದರೆ, ಗಾಳಿಯಿಲ್ಲದೆ ಓಡಿ ಪಕ್ಕ ನಜ್ಜುಗುಜ್ಜಾಗಿದ್ದರೆ ಗುಜರಿಯೇ ಗತಿ. ಪಾಸಾದ ಟೈರಿನ ಹಳೆಯ ರಬ್ಬರನ್ನು ಉಜ್ಜಿ ತೆಗೆದು, ಅಂಟುವ ರಬ್ಬರಿನ ಮೇಲೆ ಹೊಸ ಪಟ್ಟಿ ಸುತ್ತಿ, ಶಾಖ ಮತ್ತು ಒತ್ತಡದಲ್ಲಿ ಬೇಯಿಸುತ್ತಾರೆ. ಬಸ್ಸುಗಳಲ್ಲಿ ಹೊಸ ಟೈರನ್ನು ಮುಂದಕ್ಕೂ, ರಿಟ್ರೆಡ್ ಆದದ್ದನ್ನು ಹಿಂದಕ್ಕೂ ಹಾಕುವುದು ವಾಡಿಕೆ. ಮುಂದಿನ ಟೈರು ಒಡೆದರೆ ಸ್ಟೀರಿಂಗು ಚಾಲಕನ ಹಿಡಿತಕ್ಕೆ ಸಿಗುವುದು ಕಷ್ಟ.

ಆದರೆ ಒಂದು ಮಾತನ್ನು ಗಮನಿಸಬೇಕು. ಅರ್ಧ ತೀರ್ಪು ಕಾರ್ಯಾಗಾರಕ್ಕಿಂತ ಮೊದಲೇ ಆಗಿಹೋಗಿರುತ್ತದೆ. ‘ಇನ್ನೂ ನಾಲ್ಕು ದಿನ ಓಡಲಿ’ ಎಂದು ದಾರ ಕಾಣುವವರೆಗೆ ಓಡಿಸಿದರೆ ಕೇಸಿಂಗೇ ಕೆಡುತ್ತದೆ. ನಾಲ್ಕು ದಿನದ ಲಾಭಕ್ಕೆ ಇನ್ನೊಂದು ಆಯುಷ್ಯವೇ ನಷ್ಟ. ಆದ್ದರಿಂದಲೇ ಪ್ರತಿ ಟೈರಿಗೂ ಒಂದು ನಂಬರು, ಎಷ್ಟು ಓಡಿತು, ಎಷ್ಟು ಸಲ ರಿಟ್ರೆಡ್ ಆಯಿತು ಎಂಬ ಲೆಕ್ಕ. ಅದನ್ನು ಬರೆಯುವವರು ನಮ್ಮಂಥ ಗುಮಾಸ್ತರು. ಅಲ್ಲಿ ಒಂದು ಅಂಕಿ ಸುಳ್ಳಾದರೆ ತೀರದ ಟೈರು ಗುಜರಿಗೆ ಹೋದೀತು, ತೀರಿದ ಟೈರು ರಸ್ತೆಗೆ ಬಂದೀತು.

ಗುಜರಿಗೆ ಹೋದದ್ದನ್ನೂ ಬಯಲಲ್ಲಿ ಸುಡುವಂತಿಲ್ಲ. ಅದರ ಹೊಗೆ ವಿಷ. 2022ರ ನಿಯಮದಂತೆ ಹಳೆಯ ಟೈರಿನ ಮರುಬಳಕೆಯ ಹೊಣೆ ತಯಾರಕರ ಮೇಲಿದೆ.

ಮುಂದಿನ ಸಲ ಊರ ಬಸ್ಸು ಹತ್ತುವಾಗ ಹಿಂದಿನ ಚಕ್ರವನ್ನೊಮ್ಮೆ ನೋಡೋಣ. ಅದು ಎರಡನೆಯ ಜನ್ಮದ್ದಾಗಿರಬಹುದು. ಹೆದರಬೇಕಿಲ್ಲ, ಪರೀಕ್ಷಿಸಿದವರು ಕಣ್ಣಿಟ್ಟು ನೋಡಿದ್ದರೆ, ಬರೆದವರು ನಿಜ ಬರೆದಿದ್ದರೆ, ಅದು ನಮ್ಮನ್ನು ಸುಖವಾಗಿ ಊರು ಮುಟ್ಟಿಸುತ್ತದೆ.