ಬೆನ್ನ ಮೇಲಿನ ಭಾರ: ಕ್ಯಾಮರಾ ಚೀಲ ಕೊಳ್ಳುವ ಮುನ್ನ

ಮನೆಯ ಮಗನೋ ಮಗಳೋ ಕ್ಯಾಮರಾ ಕೊಂಡು ತಂದ ದಿನ ಅದನ್ನು ದೇವರ ಜಗುಲಿಯ ಮುಂದಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದು ಸಂತೋಷಪಡುತ್ತೇವೆ. ಅದನ್ನು ಹೊತ್ತೊಯ್ಯುವ ಚೀಲದ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. "ಚೀಲಕ್ಕೇನು, ಯಾವುದಾದರೂ ಆದೀತು" ಎಂಬ ಮಾತು ನಮ್ಮ ಮನೆಯಲ್ಲಿಯೂ ಕೇಳಿಬಂದಿತ್ತು. ಆ ಮಾತಿನ ಬೆಲೆ ಎಷ್ಟೆಂಬುದು ತಿಳಿದದ್ದು ಆಮೇಲೆ.

ನನ್ನ ಅಣ್ಣನ ಮಗನಿಗೆ ಛಾಯಾಗ್ರಹಣವೇ ಕಾಯಕ. ಮದುವೆ, ಸೀಮಂತ, ಜಾತ್ರೆ ಎಂದು ಊರೂರು ತಿರುಗುತ್ತಾನೆ. ದೂರದ ದೃಶ್ಯ ಹಿಡಿಯುವ ಲೆನ್ಸ್ ಬೇಕೆಂದಾಗ ಅತ್ತಿಗೆ ತಮ್ಮ ಬೋರಮಾಳ ಸರವನ್ನು ಒತ್ತೆಯಿಟ್ಟು ಹಣ ಹೊಂದಿಸಿದರು. ಅದನ್ನು ಅವನು ತನ್ನ ಹಳೆಯ ಕಾಲೇಜು ಚೀಲದಲ್ಲಿಯೇ ಹಾಕಿಕೊಂಡು ಜಾತ್ರೆಗೆ ಹೋದ. ನೂಕುನುಗ್ಗಲಿನಲ್ಲಿ ಹಿಂದಿನ ಜಿಪ್ ಅರ್ಧ ತೆರೆದುಕೊಂಡಿದ್ದು ಅವನಿಗೆ ಗೊತ್ತಾಗಲಿಲ್ಲ. ನೆಲಕ್ಕೆ ಬಿದ್ದ ಮಗುವೊಂದನ್ನು ಎತ್ತಲು ಬಗ್ಗಿದಾಗ ಲೆನ್ಸ್ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಮಗು ಸುರಕ್ಷಿತವಾಗಿ ತಾಯಿಯ ಮಡಿಲು ಸೇರಿತು. ಲೆನ್ಸ್ ಒಡೆಯಿತು. ಸರ ಬಿಡಿಸಿಕೊಳ್ಳಲು ಇನ್ನೊಂದು ವರ್ಷ ಹಿಡಿಯಿತು. ಅಂಥ ಕಷ್ಟ ಬೇರೆಯವರ ಮನೆಗೆ ಬಾರದಿರಲಿ ಎಂಬ ಆಶಯದಿಂದ ಈ ಲೇಖನ.

ಚೀಲವನ್ನು ಆರಿಸುವಾಗ ಮೊದಲು ಅಳೆಯಬೇಕಾದುದು ಕ್ಯಾಮರಾವನ್ನಲ್ಲ, ಹೊರುವವರ ಬೆನ್ನನ್ನು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ದಾರ ಹಿಡಿದು ಅಳೆಯಿರಿ. ಚೀಲದ ಹೆಗಲಪಟ್ಟಿಯಿಂದ ಸೊಂಟಪಟ್ಟಿಯವರೆಗಿನ ಅಳತೆ ಇದಕ್ಕೆ ಹೊಂದಬೇಕು. ಎತ್ತರವಾಗಿರುವವರ ಬೆನ್ನೆಲ್ಲ ಉದ್ದವಾಗಿರುವುದಿಲ್ಲ. ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಚೀಲವನ್ನೇ ಕೊಟ್ಟು ಸಾಕೆನ್ನುವುದು ಸರಿಯಲ್ಲ. ಸೊಂಟಪಟ್ಟಿಯು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಆಗ ಭಾರದ ಹೆಚ್ಚಿನ ಪಾಲು ಕಾಲುಗಳಿಗೆ ಇಳಿದು, ಹೆಗಲು ಹಗುರಾಗುತ್ತದೆ. ಬರಿಯ ಹೆಗಲಪಟ್ಟಿಯ ಚೀಲದಲ್ಲಿ ಇಡೀ ಭಾರ ಕುತ್ತಿಗೆ, ಹೆಗಲುಗಳನ್ನೇ ಹಿಂಡುತ್ತದೆ. ಮೊದಲು ಸೊಂಟಪಟ್ಟಿ, ಅನಂತರ ಹೆಗಲಪಟ್ಟಿ, ಕೊನೆಗೆ ಎದೆಯ ಪಟ್ಟಿ ಬಿಗಿದುಕೊಳ್ಳುವುದು ಕ್ರಮ.

ಎರಡನೆಯದು ಭಾರದ ಲೆಕ್ಕ. ಕ್ಯಾಮರಾ ಸುಮಾರು 800 ಗ್ರಾಂ, ಹಕ್ಕಿಗಳ ಚಿತ್ರ ತೆಗೆಯುವ ಉದ್ದನೆಯ ಲೆನ್ಸ್ 2 ಕಿಲೋ, ಸಾಮಾನ್ಯ ಲೆನ್ಸ್ ಅರ್ಧ ಕಿಲೋ, ಟ್ರೈಪಾಡ್ ಒಂದೂವರೆ ಕಿಲೋ, ಒಂದು ಲೀಟರ್ ನೀರು 1 ಕಿಲೋ, ಖಾಲಿ ಚೀಲವೇ ಒಂದೂವರೆ ಕಿಲೋ. ಕೂಡಿಸಿದರೆ 7 ಕಿಲೋ ದಾಟಿತು. 2020ರ ಶಾಲಾ ಚೀಲ ನೀತಿಯು ಮಕ್ಕಳ ಚೀಲದ ಭಾರ ಅವರ ದೇಹತೂಕದ ಶೇಕಡಾ 10ನ್ನು ಮೀರಬಾರದೆಂದು ಹೇಳುತ್ತದೆ. ಬೆಳೆದವರು ಇನ್ನಷ್ಟು ಹೊರಬಲ್ಲರಾದರೂ, ದಿನವಿಡೀ ನಡೆಯುವವರಿಗೆ ಈ ಅಳತೆ ಒಳ್ಳೆಯ ಎಚ್ಚರಿಕೆ. ದೊಡ್ಡ ಚೀಲ ಕೊಂಡರೆ ಅದನ್ನು ತುಂಬುವ ಮನಸ್ಸೂ ಬರುತ್ತದೆ. ಜಂಗಮರ ಜೋಳಿಗೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಇರುತ್ತಿತ್ತು. ಆ ಹಿತಮಿತ ಇಲ್ಲಿಯೂ ಬೇಕು.

ಕೊಳ್ಳುವ ಮೊದಲು ಪರೀಕ್ಷಿಸಲು ಸುಲಭದ ಉಪಾಯವಿದೆ. ಮನೆಯಲ್ಲಿ ನಿಮ್ಮ ಸಲಕರಣೆಗಳನ್ನು ತೂಗಿ, ಅಷ್ಟೇ ಜೋಳವನ್ನು ಗಂಟು ಕಟ್ಟಿಕೊಂಡು ಅಂಗಡಿಗೆ ಹೋಗಿರಿ. ಹೊಸಪೇಟೆ, ದಾವಣಗೆರೆ, ಎಲ್ಲಿಯೇ ಕೊಳ್ಳಿರಿ, ಆ ಗಂಟನ್ನು ಚೀಲದಲ್ಲಿಟ್ಟು ಕಾಲುಗಂಟೆ ಓಡಾಡಿರಿ, ಬಗ್ಗಿ ಏಳಿರಿ. ನಾಚಿಕೆಪಡಬೇಕಾದ್ದೇನೂ ಇಲ್ಲ.

ಮೂರನೆಯದು, ನೀವು ಹೋಗುವ ಜಾಗ. ನಮ್ಮ ಸೀಮೆಯಲ್ಲಿಯೇ ಇದರ ಪಾಠಗಳೆಲ್ಲ ದೊರೆಯುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ್ದು ನಮಗೆಲ್ಲ ಹೆಮ್ಮೆ. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಆ ಏರಿಯ ಮೇಲೆ ಹೊಳೆಯುವ ಕೆಂಪು, ಹಳದಿ ಚೀಲ ಹೊತ್ತು ನಡೆದರೆ ಹಕ್ಕಿಗಳು ಬೆದರುತ್ತವೆ. ಮಣ್ಣಿನ ಬಣ್ಣ, ಮಾಸಲು ಹಸಿರು ಲೇಸು. ಒದ್ದೆ ನೆಲದ ಮೇಲೆ ಚೀಲ ಇಡಲಾಗದಿದ್ದಲ್ಲಿ ಬೆನ್ನಿಗೆ ತಾಗುವ ಬದಿಯಲ್ಲಿ ಬಾಯಿ ಇರುವ ಚೀಲವೇ ಅನುಕೂಲ. ಹೆಗಲಪಟ್ಟಿ ಕಳಚಿ, ಸೊಂಟಪಟ್ಟಿಯ ಮೇಲೆಯೇ ಅದನ್ನು ಮುಂದಕ್ಕೆ ತಿರುಗಿಸಿಕೊಂಡು ಲೆನ್ಸ್ ತೆಗೆಯಬಹುದು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳು ಕರಡಿಗಳ ನೆಲೆ. ಅಲ್ಲಿ ಕರಡಿಧಾಮವಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಕರಡಿಯ ಮೂಗು ಬಲು ಚುರುಕು. ಆದ್ದರಿಂದ ಆ ಕಡೆಗೆ ಹೋಗುವ ದಿನ ಚೀಲದಲ್ಲಿ ಬೆಲ್ಲ, ಬಾಳೆಹಣ್ಣು, ಜೇನು ಇರಬಾರದು. ಇದು ಚೀಲದ ಮಾತಲ್ಲ, ಪ್ರಾಣದ ಮಾತು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ವೇಳೆ ಭಂಡಾರ ಗಾಳಿಯಲ್ಲಿ ಹಾರಾಡುತ್ತದೆ. ಆ ನುಣ್ಣನೆಯ ಅರಿಸಿನಪುಡಿ ಜಿಪ್ಪಿನ ಹಲ್ಲಿಗೂ ಲೆನ್ಸಿನ ಬಳೆಗೂ ಸೇರಿಕೊಂಡರೆ ಬಿಡಿಸುವುದು ಕಷ್ಟ. ಚೀಲಕ್ಕೆ ಮಳೆಗವುಸು ಇರಲಿ. ಮಳೆಯಿಲ್ಲದಿದ್ದರೂ ಅಂದು ಅದನ್ನು ಹೊದಿಸಿರಿ. ಲೆನ್ಸ್ ಬದಲಿಸುವ ಕೆಲಸವನ್ನು ಜನಸಂದಣಿಯಿಂದ ದೂರ ಸರಿದು ಮಾಡಿರಿ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಂತಹ ತಾಣಗಳಲ್ಲಿ ತುಂಬಿದ ಚೀಲದೊಡನೆ ಥಟ್ಟನೆ ತಿರುಗಿದರೆ ಶಿಲ್ಪಕ್ಕೆ ತಾಗೀತು. ಕೆತ್ತನೆಯ ಕಂಬಕ್ಕೆ ಚೀಲ ಒರಗಿಸಬೇಡಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪೂರ್ವಾನುಮತಿ ಬೇಕು. ಅನುಮತಿ ಇಲ್ಲವೆಂದಾದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿರಿ, ಒಂದೂವರೆ ಕಿಲೋ ಉಳಿಯಿತು.

ಇನ್ನು ಕೊಟ್ಟೂರು. ಶ್ರೀ ಗುರು ಕೊಟ್ಟೂರೇಶ್ವರಸ್ವಾಮಿಯ ರಥೋತ್ಸವಕ್ಕೆ ಪಾದಯಾತ್ರೆಯಲ್ಲಿ ಬರುವ ಭಕ್ತರ ಸಾಗರವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. 2017ರಲ್ಲಿ ತೇರು ಉರುಳಿಬಿದ್ದುದನ್ನು ನಾವಾರೂ ಮರೆತಿಲ್ಲ. ಕ್ಯಾಮರಾದ ಕಿಂಡಿಯಲ್ಲಿ ಕಣ್ಣಿಟ್ಟು ಹಿಂದಡಿಯಿಡುತ್ತ ಹೋಗುವವನಿಗೆ ತನ್ನ ಬೆನ್ನ ಹಿಂದಿನ ಒಂದು ಮೊಳದ ಗಂಟು ನೆನಪಿರುವುದಿಲ್ಲ. ಅದು ಮುದುಕರನ್ನೂ ಮಕ್ಕಳನ್ನೂ ತಳ್ಳುತ್ತದೆ, ಸರಿದುಕೊಳ್ಳಬೇಕಾದ ಗಳಿಗೆಯಲ್ಲಿ ಅವನನ್ನೂ ತಡೆಯುತ್ತದೆ. ಜಾತ್ರೆಗೆ ಚಪ್ಪಟೆಯಾದ ಸಣ್ಣ ಚೀಲ, ಒಂದು ಕ್ಯಾಮರಾ, ಒಂದೇ ಲೆನ್ಸ್ ಸಾಕು. ಬೆನ್ನಿನ ಬದಿಗೆ ಬಾಯಿರುವ ಚೀಲವಾದರೆ ಕಳ್ಳರ ಕೈಗೂ ಸುಲಭವಾಗಿ ಎಟುಕದು. ತೇರಿನ ಗಾಲಿಗಳಿಂದ ದೂರ ನಿಂತು ಚಿತ್ರ ತೆಗೆಯಿರಿ.

ಹೊಸ ಚೀಲಕ್ಕೆ ಕೈ ಸಾಗದವರು ಚಿಂತಿಸಬೇಕಿಲ್ಲ. ಫೋಮ್ ಹಾಕಿದ, ಒಳಗೆ ಅಡ್ಡಗೋಡೆಗಳಿರುವ ಪೆಟ್ಟಿಗೆಯಂತಹ ಒಳಚೀಲಗಳು ಬಿಡಿಯಾಗಿ ದೊರೆಯುತ್ತವೆ. ಗಟ್ಟಿ ಹೊಲಿಗೆಯ, ಸೊಂಟಪಟ್ಟಿಯಿರುವ ಯಾವುದೇ ಚೀಲದಲ್ಲಿ ಅದನ್ನು ಕೂರಿಸಬಹುದು. ಭಾರವಾದ ಲೆನ್ಸನ್ನು ಬೆನ್ನಿಗೆ ಹತ್ತಿರವಾಗಿ, ನಡುಮಟ್ಟದಲ್ಲಿ ಇಡಿರಿ. ನೀರಿನ ಬಾಟಲಿ ಎಂದಿಗೂ ಹೊರಜೇಬಿನಲ್ಲಿಯೇ ಇರಲಿ.

ಮನೆಗೆ ಬಂದ ಮೇಲೆ ಕ್ಯಾಮರಾವನ್ನು ಚೀಲದಲ್ಲಿಯೇ ಬಿಡಬೇಡಿ. ಬೆವರು, ಮಳೆಯ ತೇವವನ್ನು ಫೋಮ್ ಹಿಡಿದಿಟ್ಟುಕೊಳ್ಳುತ್ತದೆ, ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚೀಲವನ್ನು ಕೊಡವಿ, ನೆರಳಿನಲ್ಲಿ ಆರಿಸಿರಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಸಲಕರಣೆ ಬಿಟ್ಟುಹೋಗಬೇಡಿ.

ಅಣ್ಣನ ಮಗ ಈಗ ಜಾತ್ರೆಗೆ ಹೊರಡುವ ಮುನ್ನ ಅಂಗಳದಲ್ಲಿ ನಿಂತು, ಚೀಲ ಬಿಗಿದುಕೊಂಡು, ಒಮ್ಮೆ ಪೂರ್ತಿ ಬಗ್ಗಿ ಏಳುತ್ತಾನೆ. ಅತ್ತಿಗೆ ಹಿಂದಿನಿಂದ ಬಂದು ಪ್ರತಿಯೊಂದು ಜಿಪ್ಪನ್ನೂ ಕೈಯಿಂದ ಮುಟ್ಟಿ ನೋಡುತ್ತಾರೆ. ಬೋರಮಾಳ ಸರ ಅವರ ಕೊರಳಿಗೆ ಮರಳಿದೆ. ಕಾಯಕದ ಸಲಕರಣೆಯನ್ನೂ ಅದನ್ನು ಹೊರುವ ದೇಹವನ್ನೂ ಒಟ್ಟಿಗೆ ಕಾಪಾಡುವುದೇ ಒಳ್ಳೆಯ ಚೀಲದ ಗುಣ. ಕೊಳ್ಳುವ ಮುನ್ನ ಮನೆಮಂದಿ ಒಮ್ಮೆ ಕುಳಿತು ಆಲೋಚಿಸಲಿ.